ಮೇಲೋಣಿಗೆ ನೀರು ಬಂದ ದಿನ

ಟೇಲರ್ ಹಾಲೇಶಪ್ಪನಿಗೆ ಸಿಟ್ಟು ಬಂದದ್ದು ಒಂದೇ ಒಂದು ಮಾತಿಗೆ. ಆ ಮಾತನ್ನು ಪಂಚಾಯ್ತಿ ಮೆಂಬರ್ ಗಂಗಾಧರಪ್ಪ ನಗುನಗುತ್ತಾ ಆಡಿದ. ಬೈದು ಆಡಿದ್ದರೆ ಹಾಲೇಶಪ್ಪನೂ ನಾಲ್ಕು ಬೈದು ಅಲ್ಲಿಗೇ ಮುಗಿಸಿಬಿಡುತ್ತಿದ್ದ. ನಕ್ಕದ್ದೇ ತಪ್ಪಾಯಿತು.

ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು ಆಟೋ ಹತ್ತಿದರೆ ಸಿಗುವ ಮಾಳಗುಡ್ಡ ಎಂಬ ಊರು ಗುಡ್ಡದ ಮೈಗೆ ಅಂಟಿಕೊಂಡು ಕೂತಿದೆ. ಕೆಳಗೆ ಎಂಬತ್ತು ಮನೆಗಳ ಕೆಳೋಣಿ, ಮೇಲೆ ಏಳೇ ಏಳು ಮನೆಗಳ ಮೇಲೋಣಿ, ನಡುವೆ ಬಂಡೆಯಲ್ಲಿ ಕಡಿದ ನೂರಾ ನಾಲ್ಕು ಮೆಟ್ಟಿಲು. ಪಂಚಾಯ್ತಿಯವರು ಒಂಬತ್ತು ದಿನಕ್ಕೊಮ್ಮೆ ಎರಡು ತಾಸು ನಲ್ಲಿ ನೀರು ಬಿಡುತ್ತಾರೆ. ಬಿಟ್ಟ ಮರುಗಳಿಗೆಯೇ ಕೆಳೋಣಿಯವರು ಮೋಟಾರು ಹಚ್ಚಿ ತಮ್ಮ ತಮ್ಮ ತೊಟ್ಟಿಗೆ ಎಳೆದುಕೊಳ್ಳುತ್ತಾರೆ. ಮೇಲೋಣಿಗೆ ಬರುವುದು ಗಾಳಿ. ಹಾಲೇಶಪ್ಪನ ಮನೆ ಎಲ್ಲಕ್ಕಿಂತ ಮೇಲಿನದು. ಅಂಗಳದ ಬಂಡೆಯ ಸಂದಿನಲ್ಲಿ ನಲ್ಲಿ ಹಾಕಿಸಿ ಹನ್ನೊಂದು ವರ್ಷವಾಗಿತ್ತು, ಅದರಿಂದ ಒಂದು ಹನಿ ನೀರು ಬಿದ್ದಿರಲಿಲ್ಲ. ನೀರು ಬಿಟ್ಟ ದಿನ ಅದು ಉಸ್ಸೆಂದು ಒಂದು ನಿಟ್ಟುಸಿರು ಬಿಡುತ್ತಿತ್ತು. ಅದೂ ಬೇಸರದಿಂದ.

ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಮಿರಗ ಹೋಯಿತು, ಆರಿದ್ರಾ ಹೋಯಿತು. ದಿನಾ ಮಧ್ಯಾಹ್ನ ಕಪ್ಪು ಮೋಡ ಗುಡ್ಡದ ನೆತ್ತಿಗೆ ಬಂದು ನಿಲ್ಲುತ್ತಿತ್ತು. ಹೆಂಗಸರು ಓಡಿ ಹೋಗಿ ಒಣಹಾಕಿದ ಹಪ್ಪಳ ಎತ್ತಿಡುತ್ತಿದ್ದರು. ಮೋಡ ಊರನ್ನೊಮ್ಮೆ ಇಣುಕಿ ನೋಡಿ, ನೆಂಟರ ಮನೆ ಇದಲ್ಲ ಎಂಬಂತೆ ಕೊಟ್ಟೂರಿನ ಕಡೆ ಹೊರಟುಹೋಗುತ್ತಿತ್ತು. ಹೆಂಗಸರು ಮತ್ತೆ ಹಪ್ಪಳ ಹರವುತ್ತಿದ್ದರು.

ಹೀಗಿರುವಾಗ ಹಾಲೇಶಪ್ಪನ ಹೆಂಡತಿ ಮಂಜಮ್ಮ ಗಂಗಾಧರಪ್ಪನ ಮನೆಯ ತೊಟ್ಟಿಯ ನಲ್ಲಿಯಿಂದ ಬೇಡಿ ತಂದ ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದವಳು ಎಪ್ಪತ್ತನೆಯ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ಕೊಡ ಮಾತ್ರ ಅಲ್ಲಿ ನಿಲ್ಲದೆ, ಢಣಢಣ ಎನ್ನುತ್ತಾ ಎಪ್ಪತ್ತೂ ಮೆಟ್ಟಿಲು ಇಳಿದು ಗಂಗಾಧರಪ್ಪನ ಗೇಟಿಗೇ ಹೋಗಿ ಬಡಿಯಿತು. ಹಾಲೇಶಪ್ಪ ಓಡಿ ಬಂದಾಗ ಗಂಗಾಧರಪ್ಪ ಕೊಡದ ತಗ್ಗು ನೋಡುತ್ತಾ ಕಟ್ಟೆಯ ಮೇಲೆ ನಿಂತಿದ್ದ. ಸುತ್ತ ಹತ್ತು ಜನ.

"ಅಲ್ಲೋ ಹಾಲೇಶಿ, ನೀವು ಮ್ಯಾಗಿರೋ ಮಂದಿ. ಮಳಿ ಬಂದ್ರ ಮೊದ್ಲು ನಿಮ್ಮ ಮನಿ ಮ್ಯಾಲೇ ಬೀಳ್ತೈತಿ. ನಿಮಗ್ಯಾಕೋ ನಲ್ಲಿ ನೀರು?" ಎಂದು ನಕ್ಕ.

ಕಟ್ಟೆಯೆಲ್ಲ ನಕ್ಕಿತು. ಹಾಲೇಶಪ್ಪನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕೊಡ ಕಿತ್ತುಕೊಂಡು, "ನಮ್ಮನಿ ನಲ್ಯಾಗ ನೀರು ತುಂಬಿ ತೋರಸ್ಲಿಲ್ಲ ಅಂದ್ರ ನಾನು ಹಾಲೇಶಿ ಅಲ್ಲ, ನೋಡ್ತಿರು!" ಎಂದ. ಜನ ಇನ್ನೂ ಜೋರಾಗಿ ನಕ್ಕರು. ಹೆಂಡತಿಯನ್ನು ತೋಳಿಗೆ ಆನಿಸಿಕೊಂಡು ಹತ್ತುವಾಗ ಅವನಿಗೆ ಆ ನಗು ಪ್ರತಿ ಮೆಟ್ಟಿಲಿಗೂ ಕೇಳಿಸಿತು.

ಮರುದಿನವೇ ಊರಲ್ಲಿ ಡಂಗುರ ಬಿತ್ತು. ಮಳೆಗಾಗಿ ಬರುವ ಮಂಗಳವಾರ ಹೊರಬೀಡು. ಅಂದರೆ ಹೊತ್ತು ಹುಟ್ಟುವುದರೊಳಗೆ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ದನಕರು ಸಮೇತ ಸೀಮೆಯಾಚೆಯ ಹುಣಸೆ ತೋಪಿಗೆ ಹೋಗಬೇಕು. ಅಲ್ಲೇ ಅಡುಗೆ, ಅಲ್ಲೇ ಊಟ. ಊರ ದಾರಿಗೆ ಮುಳ್ಳು ಎಳೆಯುತ್ತಾರೆ. ಒಂದು ಒಲೆಯ ಹೊಗೆಯೂ ಏಳಬಾರದು, ಒಬ್ಬ ಮನುಷ್ಯನೂ ಉಳಿಯಬಾರದು. ಹೊತ್ತು ಮುಳುಗಿದ ಮೇಲೆ ಊರಮ್ಮ ಮುಂದೆ, ಜನ ಹಿಂದೆ. ಯಾರಾದರೂ ನಡುವೆ ಊರೊಳಗೆ ಕಾಲಿಟ್ಟರೋ, ಹೊರಬೀಡು ಮುರಿಯಿತು. ಆ ವರ್ಷ ಮಳೆ ಬಾರದ ಪಾಪವೆಲ್ಲ ಅವನ ತಲೆಗೆ, ಅವನು ಸಾಯುವ ತನಕ.

ಡಂಗುರ ಕೇಳಿ ಊರವರಿಗೆಲ್ಲ ಮಳೆ ನೆನಪಾಯಿತು. ಹಾಲೇಶಪ್ಪನಿಗೆ ಮಾತ್ರ ಎಂಬತ್ತು ಮೋಟಾರು ಬಂದಾಗಿರುವುದು ಕಣ್ಣಿಗೆ ಕಟ್ಟಿತು. ಮಿಷನ್ನು ಬಿಟ್ಟು ಎದ್ದವನೇ ಪಂಚಾಯ್ತಿ ನೀರು ಬಿಡುವ ರಾಮಾಂಜಿನಿಯನ್ನು ಹುಡುಕಿಕೊಂಡು ಹೋದ.

"ರಾಮಾಂಜಿನಿ, ಮಂಗಳವಾರ ನೀರು ಬಿಡೋ."

"ತಲಿ ನೆಟ್ಟಗೈತೇನು ಹಾಲೇಶಣ್ಣ? ಅವತ್ತು ಊರಾಗ ಒಂದು ನರಪಿಳ್ಳಿ ಇರಂಗಿಲ್ಲ. ಯಾರಿಗ್ ಬಿಡ್ಲಿ?"

"ಯಾರೂ ಇರಂಗಿಲ್ಲ ಅಂತನ ಬಿಡು ಅನ್ನಾಕತ್ತೀನಿ."

ರಾಮಾಂಜಿನಿಗೆ ಅರ್ಥವಾಗಲು ಒಂದು ಬೀಡಿ ಮುಗಿಯುವಷ್ಟು ಹೊತ್ತು ಬೇಕಾಯಿತು. ಆಮೇಲೆ ಅವನ ಮುಖ ಅರಳಿತು. ನೀರು ಐದು ನಿಮಿಷ ತಡವಾದರೆ ಕೆಳೋಣಿಯವರು ಅವನ ತಾಯಿ, ಅಜ್ಜಿ, ಮುತ್ತಜ್ಜಿಯವರೆಗೂ ಹೋಗಿ ಬೈಯುತ್ತಿದ್ದರು. ಅದರಲ್ಲೂ ಗಂಗಾಧರಪ್ಪ ಬೈಗುಳದಲ್ಲಿ ಮೆಂಬರಲ್ಲ, ಅಧ್ಯಕ್ಷ.

"ಟ್ಯಾಂಕು ಸೀಮಿ ಹೊರಗ ದಿಬ್ಬದ ಮ್ಯಾಲೈತಿ. ನಾನು ಊರೊಳಗ ಕಾಲಿಡೋದ ಬ್ಯಾಡ," ಎಂದು ದನಿ ತಗ್ಗಿಸಿದ. "ಆದ್ರ ನಾ ಬಿಟ್ಟೆ ಅಂತ ಎಲ್ಲೂ ಅನಬ್ಯಾಡ ಮತ್ತ. ಹನ್ನೆರಡಕ್ಕ ಟ್ಯಾಂಕಿನ ವಾಲು ತಾನಾ ತಿರುಗ್ತೈತಿ, ಎರಡಕ್ಕ ತಾನಾ ಮುಚ್ಕೊಂತೈತಿ. ತಿಳೀತಾ?"

"ತಿಳೀತು."

"ಇನ್ನೊಂದು. ಕೆಳೋಣಿ ಮಂದಿ ನೀರು ಬಂದ ಸಪ್ಪಳ ಕೇಳ್ಲಿ ಅಂತ ಯಾವಾಗಲೂ ನಲ್ಲಿ ತಿರುವೇ ಇಟ್ಟಿರ್ತಾರ. ಅವನ್ನೆಲ್ಲಾ ನೀನ ಬಂದ್ ಮಾಡ್ಬೇಕು. ಇಲ್ಲಾಂದ್ರ ಅವತ್ತೂ ನಿನಗ ಗಾಳೀನ."

ಮಂಜಮ್ಮನಿಗೆ ಹೇಳಿದಾಗ ಅವಳು ಹೌಹಾರಿದಳು. "ಬ್ಯಾಡ್ರಿ! ಊರಮ್ಮಗ ಎದುರು ಹೋಗಿ ಬದುಕಿದೋರು ಅದಾರೇನ್ರಿ?"

"ಊರಮ್ಮಗ ನಾನ್ಯಾಕ ಎದುರು ಹೋಗ್ಲಿ? ಗಂಗಾಧರಗ ಎದುರು ಹೊಂಟೀನಿ. ನಿನ್ನ ಮೊಣಕಾಲು ಆಕಿಗೂ ಕಾಣ್ತೈತಿ. ನಿನ್ನ ನೂರಾ ನಾಲ್ಕು ಮೆಟ್ಲು ಹತ್ಸಿ ಇಳಿಸಿ ನನಗ ಸಾಕಾಗೈತಿ ಮಂಜಿ. ಒಂದು ದಿನನಾರ ನಿನ್ನ ಅಂಗಳದಾಗ ನಿನ್ನ ನಲ್ಯಾಗ ನೀರು ಹಿಡೀಬೇಕು ನೀನು," ಎಂದ ಹಾಲೇಶಪ್ಪ. ಮಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆಯದೆ ಬರೀ ಒರೆಸಿ ಅಂಗಳದಲ್ಲಿ ಸಾಲಾಗಿ ಇಟ್ಟಳು. ಯಾರಾದರೂ ಕೇಳಿದರೆ, ಮಳೆ ಬಂದರೆ ತುಂಬಲಿ ಅಂತ ಇಟ್ಟೀನಿ ಎಂದಳು. ಅದನ್ನು ಕೇಳಿ ಮೇಲೋಣಿಯ ಉಳಿದ ಆರು ಮನೆಯವರೂ ಭಕ್ತಿಯಿಂದ ತಮ್ಮ ತಮ್ಮ ಪಾತ್ರೆ ಇಟ್ಟರು.

ಮಂಗಳವಾರ ಬೆಳಗಿನ ಜಾವವೇ ಊರು ಖಾಲಿಯಾಯಿತು. ಹಾಲೇಶಪ್ಪನೂ ಎಲ್ಲರ ಜೊತೆ ಹೊರಟ, ಎಲ್ಲರಿಗೂ ಕಾಣುವಂತೆ ಊರಮ್ಮನಿಗೆ ಕಾಯಿ ಒಡೆಸಿದ. ಪೂಜಾರಿ ಪಾಲಣ್ಣ ದಾರಿಗೆ ಮುಳ್ಳು ಎಳೆಸಿದ್ದನ್ನು ನೋಡಿ ಕೈಮುಗಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಮುಖ ಹಿಂಡಿ, ತಂಬಿಗೆ ಎತ್ತಿಕೊಂಡು ಜಾಲಿ ಪೊದೆಗಳ ಕಡೆ ನಡೆದ. ತಂಬಿಗೆ ಹಿಡಿದು ಹೋಗುವವನನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಪೊದೆ ದಾಟಿ, ಗುಡ್ಡ ಬಳಸಿ, ಹಿಂದಿನ ಬಂಡೆ ಹತ್ತಿ ಅವನು ಮೇಲೋಣಿಗೆ ಇಳಿದಾಗ ಹೊತ್ತು ಎರಡು ಮಾರು ಏರಿತ್ತು.

ಊರು ಗಪ್‌ಚುಪ್ ಆಗಿತ್ತು. ಹಾಲೇಶಪ್ಪ ಕೆಳೋಣಿಯ ಒಂದು ತುದಿಯಿಂದ ನಲ್ಲಿ ತಿರುವುತ್ತಾ ಬಂದ. ಕೆಲವು ಬಾಗಿಲ ಮುಂದೆ ಇದ್ದವು, ಕೆಲವು ಹಿತ್ತಲಲ್ಲಿ. ಆರು ಗೋಡೆ ಹಾರಿದ, ಎರಡು ಗೋಡೆಯಿಂದ ಬಿದ್ದ. ಒಂದು ಮನೆಯ ನಲ್ಲಿಗೆ ತಿರುಪೇ ಇರಲಿಲ್ಲ, ಜೋಳದ ದಂಟು ಬಡಿದು ಮುಚ್ಚಿದ. ಈ ಊರಿನ ಎಲ್ಲರ ಸೊಂಟದ ಅಳತೆ ಅವನಿಗೆ ಬಾಯಿಪಾಠವಿತ್ತು. ಇವತ್ತು ಎಲ್ಲರ ಹಿತ್ತಲೂ ಬಾಯಿಪಾಠವಾಯಿತು.

ಕೊನೆಗೆ ಉಳಿದದ್ದು ಗಂಗಾಧರಪ್ಪನ ಮನೆ. ಕಬ್ಬಿಣದ ಗೇಟು, ದೊಡ್ಡ ಬೀಗ, ಒಳಗೆ ಮೂರು ನಲ್ಲಿ. ಹಾಲೇಶಪ್ಪ ಸರಳುಗಳ ನಡುವೆ ಮನೆಯಿಂದ ತಂದಿದ್ದ ತನ್ನ ಗಜದ ಸ್ಕೇಲು ತೂರಿಸಿ, ಬಟ್ಟೆಯ ಪಟ್ಟಿಯಿಂದ ಕುಣಿಕೆ ಮಾಡಿ ಎರಡನ್ನು ಮುಚ್ಚಿದ. ಮೂರನೆಯದಕ್ಕೆ ಕುಣಿಕೆ ಹಾಕುವಷ್ಟರಲ್ಲಿ ಹಿಂದಿನಿಂದ ಗುರ್ ಎಂಬ ಸದ್ದು ಕೇಳಿಸಿತು. ಗಂಗಾಧರಪ್ಪನ ನಾಯಿ! ಮನುಷ್ಯರೆಲ್ಲ ಹೊರಬೀಡಿಗೆ ಹೋದರೂ ಅದು ಊರಮ್ಮನ ಅಪ್ಪಣೆ ಮೀರಿ ಉಳಿದಿತ್ತು. ಹಾಲೇಶಪ್ಪ ನಲ್ಲಿ ಬಿಡಲಿಲ್ಲ, ನಾಯಿ ಲುಂಗಿ ಬಿಡಲಿಲ್ಲ. "ನಿನ್ನ ಧಣೀನ ಅಂಜಿಲ್ಲ ನಾನು, ನಿನಗ ಅಂಜ್ತೀನೇನಲೇ!" ಎಂದು ಬೈಯುತ್ತಲೇ ನಲ್ಲಿ ತಿರುವಿ ಮುಗಿಸಿದ. ನಂತರ ಪಟ್ಟಾಪಟ್ಟಿ ಚಡ್ಡಿಯಲ್ಲಿ ನೂರಾ ನಾಲ್ಕು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದ. ಲುಂಗಿ ನಾಯಿಯ ಪಾಲಾಯಿತು.

ಸರಿಯಾಗಿ ಹನ್ನೆರಡು. ಹಾಲೇಶಪ್ಪ ಬೇರೆ ಲುಂಗಿ ಸುತ್ತಿಕೊಂಡು ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ನಲ್ಲಿ ಉಸ್ ಎಂದಿತು. ಹಾಲೇಶಪ್ಪನ ಎದೆ ಧಸಕ್ಕೆಂದಿತು. ನಲ್ಲಿ ಕೆಮ್ಮಿತು. ಒಂದು ಸತ್ತ ಜಿರಳೆಯನ್ನೂ ಒಂದು ಹಿಡಿ ತುಕ್ಕನ್ನೂ ಉಗುಳಿತು. ಆಮೇಲೆ, ಅಬ್ಬಬ್ಬಾ, ಧೋ ಎಂದು ನೀರು ಬಂತು! ತಣ್ಣನೆಯ, ದಪ್ಪನೆಯ, ಬಿಳೀ ನೀರು!

ಹಾಲೇಶಪ್ಪ ಅದರ ಕೆಳಗೆ ತಲೆಯೊಡ್ಡಿ ಕೂತುಬಿಟ್ಟ. ಅವನಿಗೆ ಅಳು ಬಂತು. ಹನ್ನೊಂದು ವರ್ಷ! ಎದ್ದು ಅಂಗಳದ ತುದಿಗೆ ಹೋಗಿ, ಕೆಳಗಿನ ಖಾಲಿ ಓಣಿಯ ಕಡೆ ಎರಡೂ ಕೈ ಎತ್ತಿ ಕೂಗಿದ. "ಏ ಗಂಗಾಧರಾ! ನೋಡ್ಲೇ! ಮ್ಯಾಗಿನ ಮಂದಿ ನೀರು ನೋಡ್ಲೇ!" ಕೆಳಗಿನಿಂದ ನಾಯಿ ಬೊಗಳಿತು.

ಎರಡು ಡ್ರಮ್ಮು, ಹದಿನಾಲ್ಕು ಕೊಡ, ಹಂಡೆ, ಪರಾತ, ಹಿಟ್ಟಿನ ಡಬ್ಬಿ, ಕುಕ್ಕರು, ಚಹಾ ಸೋಸುವ ಪಾತ್ರೆ ಎಲ್ಲ ತುಂಬಿದವು. ಪಕ್ಕದ ಮನೆಯ ಎರ್ರೆಮ್ಮಜ್ಜಿಯ ಕೊಡಗಳನ್ನೂ ತುಂಬಿಸಿದ, ಉಳಿದ ಐದು ಮನೆಗಳ ಪಾತ್ರೆಗಳನ್ನೂ ತುಂಬಿಸಿದ. ನನ್ನ ಓಣಿ ಎಂಬ ಅಭಿಮಾನ. ತುಂಬಲು ಇನ್ನೇನೂ ಉಳಿಯದಾದಾಗ, ಸಾಕು ತಾಯಿ ಎಂದು ನಲ್ಲಿ ತಿರುವಿದ. ಹನ್ನೊಂದು ವರ್ಷ ನೀರು ಕಾಣದೆ ಬಿಸಿಲಿಗೆ ಒಣಗಿದ್ದ ಪ್ಲಾಸ್ಟಿಕ್ ನಲ್ಲಿ ಕಟಕ್ ಎಂದು ಅವನ ಕೈಗೇ ಬಂತು.

ಪೈಪಿನ ಬಾಯಿಂದ ನೀರು ಆಳೆತ್ತರ ಚಿಮ್ಮಿತು. ಹಾಲೇಶಪ್ಪ ಅಂಗೈ ಒತ್ತಿದ, ಮೊಣಕಾಲು ಒತ್ತಿದ, ಕೊನೆಗೆ ಅದರ ಮೇಲೆ ಕೂತೂ ನೋಡಿದ. ಕೂತಷ್ಟೇ ವೇಗವಾಗಿ ಎದ್ದ. ನೀರು ಅಂಗಳ ತುಂಬಿ ಮೆಟ್ಟಿಲಿಗೆ ಇಳಿಯತೊಡಗಿತು. ಅವನು ಫೋನು ಹುಡುಕಿ ರಾಮಾಂಜಿನಿಗೆ ಹಚ್ಚಿದ. ಆ ಕಡೆ ಡೊಳ್ಳಿನ ಸದ್ದು.

"ರಾಮಾಂಜಿನಿ, ಲಗೂನ ಹೋಗಿ ವಾಲು ಬಂದ್ ಮಾಡೋ! ನಲ್ಲಿ ಕಿತ್ಕೊಂಡು ಬಂತು!"

"ಆಗಂಗಿಲ್ಲಣ್ಣ," ರಾಮಾಂಜಿನಿ ಪಿಸುಗುಟ್ಟಿದ. "ವಾಲು ತಿರುವಿ ಬರ್ತಿದ್ಹಂಗ ಪಾಲಣ್ಣ ನನ್ನ ಕೈಯಾಗ ಅಮ್ಮನ ಛತ್ರಿ ಕೊಟ್ಟುಬಿಟ್ಟಾನ. ಹೊತ್ತು ಮುಣುಗೋ ತನಕ ಇಳಿಸಂಗಿಲ್ಲ, ಇನ್ನೊಬ್ಬರ ಕೈಗೆ ಕೊಡಂಗಿಲ್ಲ."

"ಒಲ್ಲೆ ಅನಬೇಕಿಲ್ಲೋ!"

"ಅಮ್ಮನ ಛತ್ರಿ ಒಲ್ಲೆ ಅಂತಾರೇನೋ? ಹೆಗಲಿಗೆ ಫೋನ್ ಆನಿಸ್ಕೊಂಡು ಮಾತಾಡಾಕತ್ತೀನಿ. ಗಂಗಾಧರಪ್ಪ ಬಾಜೂಕನ ನಿಂತಾನ. ಇಡ್ತೀನಿ."

ಹಾಲೇಶಪ್ಪ ಹೆಂಡತಿಗೆ ಹಚ್ಚಿದ. "ಮಂಜಿ, ಹೆಂಗಾರ ಮಾಡಿ ದಿಬ್ಬಕ್ಕ ಹೋಗಿ ವಾಲು ತಿರುವು!"

ಮಂಜಮ್ಮನ ಪಕ್ಕದಲ್ಲಿ ಎರ್ರೆಮ್ಮಜ್ಜಿ ಹೋಳಿಗೆ ಲಟ್ಟಿಸುತ್ತಿದ್ದಳು. ಸುತ್ತ ಇಪ್ಪತ್ತು ಹೆಂಗಸರು. ಮಂಜಮ್ಮ ಗಾಬರಿಯಲ್ಲಿ, "ಅಯ್ಯೋ, ಇನ್ನೂ ನಿಂತಿಲ್ಲೇನ್ರಿ?" ಎಂದುಬಿಟ್ಟಳು.

"ಎಲ್ಲಿ ನಿಲ್ತೈತಿ! ಧೋ ಅಂತ ಹೊಂಟೈತಿ!"

ಎರ್ರೆಮ್ಮಜ್ಜಿ ಹಿಟ್ಟಿನ ಕೈಯಲ್ಲೇ ಫೋನು ಕಿತ್ತುಕೊಂಡಳು. "ಲೇ ಹಾಲೇಶಿ, ಹೊಟ್ಟಿ ಅಷ್ಟು ಕೆಟ್ಟೈತೇನೋ? ಮುಂಜಾನಿ ತಂಬಿಗಿ ಹಿಡ್ಕೊಂಡು ಹೋದಾಗ ನೋಡಿದ್ನೆಪ್ಪಾ ನಿನ್ನ. ಗಾಬರಿ ಆಗಬ್ಯಾಡ. ಮೆಂತ್ಯದ ಮಜ್ಜಿಗಿ ತಗೊಂಡು ನಾನ ಬರ್ತೀನಿ. ಯಾವ ಪೊದಿ ಹಿಂದ ಅದೀ?"

"ಬ್ಯಾಡಜ್ಜಿ! ಬರಬ್ಯಾಡ!"

"ನಾಚಿಕಿ ಯಾಕೋ? ನಿನ್ನ ಹುಟ್ಟಿದಾಗಿಂದ ನೋಡೀನಿ," ಎಂದು ಫೋನಿಟ್ಟ ಅಜ್ಜಿ, ಹಾಲೇಶಿಗೆ ಭೇದಿ ಹತ್ತೈತಿ ಎಂದು ತೋಪಿನ ಆ ತುದಿಯವರೆಗೆ ಕೇಳುವಂತೆ ಸಾರಿ, ತಂಬಿಗೆ ಮಜ್ಜಿಗೆ ಹಿಡಿದು ಪೊದೆಗಳ ಕಡೆ ಹೊರಟೇಬಿಟ್ಟಳು.

ಹಾಲೇಶಪ್ಪ ಒಳಗೆ ಓಡಿದ. ಪೈಪಿಗೆ ತುರುಕಲು ಬಟ್ಟೆ ಬೇಕು. ಮಿಷನ್ನಿನ ಮೇಲೆ ಕತ್ತರಿಸಿಟ್ಟ ಒಂದೇ ಬಟ್ಟೆ ಇತ್ತು. ಅದು ಗಂಗಾಧರಪ್ಪ ಸಫಾರಿ ಹೊಲಿಯಲು ಕೊಟ್ಟ ಬೂದಿ ಬಣ್ಣದ ಬಟ್ಟೆ. ಇಂಥ ಕಷ್ಟದಲ್ಲೂ ಹಾಲೇಶಪ್ಪನಿಗೆ ಒಂದು ಕ್ಷಣ ಹಿತವೆನಿಸಿತು. ಅದನ್ನು ಉಂಡೆ ಮಾಡಿ, ಬೈಯುತ್ತಾ ಬೈಯುತ್ತಾ, ಸುತ್ತಿಗೆಯಿಂದ ಪೈಪಿನೊಳಗೆ ಬಡಿದ. ನೀರು ಪಕ್ಕದಿಂದ ಬಂತು. ಕಲ್ಲು ಹೇರಿದ, ನೀರು ಕಲ್ಲಿನ ಸಂದಿಯಿಂದ ಬಂತು. ಮಣ್ಣು ಹಾಕಿದ, ಮಣ್ಣು ಕೊಚ್ಚಿಹೋಯಿತು. ಇನ್ನೂ ದೊಡ್ಡ ಕಲ್ಲು ಉರುಳಿಸಿದ. ನಾಲ್ಕು ಗಂಟೆಯಾಗುವಷ್ಟರಲ್ಲಿ ಪೈಪು ಮುಚ್ಚಿಹೋಗಿ ಸೊಂಟದೆತ್ತರದ ಕಲ್ಲುಗುಪ್ಪೆಯಾಗಿತ್ತು. ಅದರ ಬುಡದಿಂದ ನೀರು ಬುಳುಬುಳು ಉಕ್ಕಿ, ಯಾರ ಮಾತನ್ನೂ ಕೇಳದೆ ಮೆಟ್ಟಿಲಿಳಿಯುತ್ತಿತ್ತು.

ಹಾಲೇಶಪ್ಪ ಸೋತ. ಹಿಂದಿನ ಬಂಡೆಯಿಂದ ಇಳಿದು ಪೊದೆ ಸೇರಿದಾಗ ಎರ್ರೆಮ್ಮಜ್ಜಿ ಅಲ್ಲೇ ಕೂತಿದ್ದಳು. ತಲೆಯಿಂದ ಕಾಲಿನವರೆಗೆ ಒದ್ದೆಯಾಗಿದ್ದ ಅವನನ್ನು ನೋಡಿ, "ಅಯ್ಯ ನನ್ನಪ್ಪಾ, ಬೆವರು ನೋಡು! ನಿತ್ರಾಣ ಆಗ್ಯಾನ!" ಎಂದು ಮೂಗು ಹಿಡಿದು ಮೂರು ಲೋಟ ಮೆಂತ್ಯದ ಮಜ್ಜಿಗೆ ಕುಡಿಸಿದಳು. ಬೆಳಗಿನಿಂದ ಅವನ ಹೊಟ್ಟೆಗೆ ಬಿದ್ದದ್ದು ಅಷ್ಟೇ.

ಹೊತ್ತು ಮುಳುಗಿತು. ಊರಮ್ಮ ಎದ್ದಳು. ಮುಂದೆ ಪಾಲಣ್ಣ, ಪಕ್ಕದಲ್ಲಿ ಛತ್ರಿ ಹಿಡಿದು ಕೈ ಸೋತ ರಾಮಾಂಜಿನಿ, ಹಿಂದೆ ಊರು. ಮುಳ್ಳು ಸರಿಸಿ ಕೆಳೋಣಿಗೆ ಬಂದವರು ಮೆಟ್ಟಿಲ ಹತ್ತಿರ ಗಕ್ಕನೆ ನಿಂತರು. ಡೊಳ್ಳು ನಿಂತಿತು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಆದರೆ ನೂರಾ ನಾಲ್ಕು ಮೆಟ್ಟಿಲುಗಳಿಂದಲೂ ನೀರು ಜುಳುಜುಳು ಇಳಿದು ಬರುತ್ತಿದೆ.

ಹಾಲೇಶಪ್ಪ, ಸತ್ತೆ ಎಂದುಕೊಂಡ. ಮಂಜಮ್ಮ ಅವನ ರಟ್ಟೆ ಹಿಡಿದುಕೊಂಡಳು.

ಪಾಲಣ್ಣ ನೀರು ತುಳಿಯದೆ ಬದಿಬದಿಗೆ ಮೆಟ್ಟಿಲು ಹತ್ತಿದ. ಊರೆಲ್ಲ ಹಿಂದೆ ಹತ್ತಿತು. ಬೀಗ ಹಾಕಿದ ಮನೆ, ಯಾರೂ ಇಲ್ಲದ ಅಂಗಳ, ಅದರಲ್ಲಿ ಬೆಳಗ್ಗೆ ಇಲ್ಲದ ಕಲ್ಲುಗುಪ್ಪೆ, ಗುಪ್ಪೆಯ ಬುಡದಲ್ಲಿ ಉಕ್ಕುವ ನೀರು. ಏಳೂ ಮನೆಗಳ ಮುಂದೆ ಕೊಡ, ಹಂಡೆ, ಡ್ರಮ್ಮು ಎಲ್ಲ ಕಂಠಮಟ್ಟ ತುಂಬಿವೆ. ಪಾಲಣ್ಣ ಅದನ್ನೊಮ್ಮೆ ನೋಡಿದ, ಇದನ್ನೊಮ್ಮೆ ನೋಡಿದ, ದಡಕ್ಕನೆ ಉದ್ದಕ್ಕೆ ಅಡ್ಡಬಿದ್ದ.

"ಗಂಗಮ್ಮ ಬಂದಾಳ! ಊರಮ್ಮ ತಂಗೀನ್ನ ಕರ್ಕೊಂಡು ಬಂದಾಳ! ಉಧೋ! ಉಧೋ!"

"ಉಧೋ ಉಧೋ!" ಎಂದಿತು ಊರು. ಎಲ್ಲರಿಗಿಂತ ಜೋರಾಗಿ ಕೂಗಿದವನು ರಾಮಾಂಜಿನಿ.

ಮುಂದೆ ನಡೆದದ್ದನ್ನು ಹಾಲೇಶಪ್ಪ ಕಣ್ಣು ಬಿಟ್ಟುಕೊಂಡು ನೋಡಿದ. ಅಮ್ಮ ತನ್ನ ಕೈಯಾರೆ ತುಂಬಿದ ನೀರು ತೀರ್ಥವಲ್ಲದೆ ಇನ್ನೇನು? ತೀರ್ಥವನ್ನು ಒಂದು ಓಣಿಯವರೇ ಇಟ್ಟುಕೊಂಡರೆ ಊರಿಗೆ ಒಳ್ಳೆಯದಾಗುತ್ತದೆಯೇ? ಕೆಳೋಣಿಯ ಎಂಬತ್ತು ಮನೆಯವರೂ ಕೊಡ ತಂದರು. ಮೊದಲಿಗ ಗಂಗಾಧರಪ್ಪ. ಎರಡು ಕೊಡ, ಒಂದು ಬಕೀಟು, ಕಣ್ಣಲ್ಲಿ ಭಕ್ತಿ. ಮನೆಯ ಯಜಮಾನನ ಕೈಯಿಂದಲೇ ಕೊಡಬೇಕು ಎಂದು ಪಾಲಣ್ಣ ಹೇಳಿದ್ದರಿಂದ ಹಾಲೇಶಪ್ಪ ಹಲ್ಲು ಕಚ್ಚಿ ತನ್ನ ಡ್ರಮ್ಮುಗಳನ್ನು ತಾನೇ ಮೊಗೆಮೊಗೆದು ಖಾಲಿ ಮಾಡಿದ. ದೀಪ ಹಚ್ಚುವ ಹೊತ್ತಿಗೆ ಚಹಾ ಸೋಸುವ ಪಾತ್ರೆಯೂ ಬರಿದ. ರಾಮಾಂಜಿನಿ ಛತ್ರಿ ಇಳಿಸಿ ದಿಬ್ಬಕ್ಕೆ ಓಡಿದರೆ ಅಲ್ಲಿ ಟ್ಯಾಂಕೂ ಬರಿದು. ಗುಪ್ಪೆಯ ನೀರು ನಿಂತಿತು. ಅಮ್ಮ ಬಂದ ಕೆಲಸ ಮುಗಿಸಿ ವಿಶ್ರಾಂತಿಗೆ ಹೋಗ್ಯಾಳ ಎಂದ ಪಾಲಣ್ಣ.

ಬೆಳಿಗ್ಗೆ ಹಾಲೇಶಪ್ಪನ ಅಂಗಳದಲ್ಲೇ ಊರ ಕೂಟ ಸೇರಿತು. ಗಂಗಾಧರಪ್ಪ ಕೈಮುಗಿದು ನಿಂತು ಮಾತಾಡಿದ.

"ಮೇಲೋಣಿಗೆ ಅಮ್ಮನ ನೀರು ಕೊಟ್ಟಾಳ. ಇನ್ನ ಇವ್ರಿಗೆ ಪಂಚಾಯ್ತಿ ಪೈಪು ಯಾಕ ಬೇಕ್ರಿ? ಹಾಳು ನಲ್ಲಿ ನೀರು ಅಮ್ಮನ ನೀರಿಗೆ ಸೋಕಬಾರದು. ಈ ಲೈನು ಕಟ್ ಮಾಡಿ ಕೆಳೋಣಿಗೆ ಕೂಡ್ಸೋಣು. ಏನಂತೀರಿ?"

"ಹೌದು ಹೌದು!" ಎಂದಿತು ಕೂಟ.

ಹಾಲೇಶಪ್ಪನ ತಾಳ್ಮೆ ಅಲ್ಲಿಗೆ ಹರಿಯಿತು. ಆದದ್ದಾಗಲಿ! ಮಂಜಮ್ಮ ಅಂಗಿ ಜಗ್ಗಿದರೂ ಬಿಡದೆ ಕಲ್ಲುಗುಪ್ಪೆಯ ಮುಂದೆ ಎದೆಯುಬ್ಬಿಸಿ ನಿಂತ.

"ಏನೂ ಕಟ್ ಮಾಡಂಗಿಲ್ಲ! ಇದು ಗಂಗಮ್ಮ ಅಲ್ಲ, ನಲ್ಲಿ ನೀರು! ನಾನ ಹೊರಬೀಡು ಮುರಿದೀನಿ! ನಿಮ್ಮ ಎಂಬತ್ತು ಮನಿ ನಲ್ಲಿ ನಾನ ಬಂದ್ ಮಾಡೀನಿ! ಏನು ಮಾಡ್ತೀರಿ ಮಾಡ್ರಿ! ಹನ್ನೊಂದು ವರ್ಷ ನಮ್ಮ ನೀರು ನುಂಗೀರಿ, ಒಂದಿನ ನಮ್ಮ ನೀರು ನಾವು ಕುಡದ್ರ ತಪ್ಪೇನ್ರಿ?"

ಎಲ್ಲರೂ ಪಾಲಣ್ಣನ ಮುಖ ನೋಡಿದರು. ಪಾಲಣ್ಣ ನಿಧಾನವಾಗಿ ರಾಮಾಂಜಿನಿಯ ಕಡೆ ತಿರುಗಿದ. "ಏನಪಾ, ನಿನ್ನೆ ನೀರು ಬಿಟ್ಟಿದ್ದೇನು?"

ರಾಮಾಂಜಿನಿ ಹಾಲೇಶಪ್ಪನ ಕಣ್ಣು ತಪ್ಪಿಸಿದ. "ನಾನೇ? ಇಡೀ ದಿನ ಅಮ್ಮನ ಛತ್ರಿ ಹಿಡ್ದು ನಿಂತಿದ್ದೆ. ಎಲ್ಲಾರೂ ನೋಡ್ಯಾರಲ್ರಿ."

ಹೌದು, ಎಲ್ಲರೂ ನೋಡಿದ್ದರು. ಎರ್ರೆಮ್ಮಜ್ಜಿ ಎದ್ದು ನಿಂತಳು. "ಇವ ಊರಾಗ ಎಲ್ಲಿ ಬಂದಿದ್ನೋ ಮಾರಾಯಾ? ಮುಂಜಾನಿಂದ ಸಂಜಿ ತನಕ ಪೊದಿ ಹಿಂದ ಇದ್ದ. ಫೋನಿನಾಗ ನರಳಾಕತ್ತಿದ್ದ. ನನ್ನ ಕೈಯಾರ ಮಜ್ಜಿಗಿ ಕುಡಿಸೀನಿ. ಊರಮ್ಮನ ಆಣಿ!"

"ಸುಳ್ಳಜ್ಜಿ! ನನಗೇನೂ ಆಗಿರಲಿಲ್ಲ! ತಗೋರಿ, ಮುರಿದ ನಲ್ಲಿ ಇಲ್ಲೈತಿ!"

"ಅಮ್ಮ ಬಂದ ರಭಸಕ್ಕ ಮುರಿದೈತಿ," ಎಂದ ಪಾಲಣ್ಣ, ನಲ್ಲಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕುಂಕುಮ ಹಚ್ಚಿದ.

ಹಾಲೇಶಪ್ಪ ಕಲ್ಲು ಎತ್ತಲು ಹೋದರೆ ನಾಲ್ಕು ಜನ ಅನಾಮತ್ತಾಗಿ ಹಿಡಿದರು. ಅವರ ಕೈಯೊಳಗಿಂದಲೇ ಬಗ್ಗಿ, ಕಲ್ಲ ಸಂದಿನಿಂದ ಇಣುಕುತ್ತಿದ್ದ ಬೂದಿ ಬಟ್ಟೆಯ ತುದಿ ತೋರಿಸಿದ. "ನೋಡೋ ಗಂಗಾಧರಾ! ಇದು ನಿನ್ನ ಸಫಾರಿ ಬಟ್ಟಿ! ಪೈಪಿಗೆ ತುರುಕೀನಿ! ಸುತ್ತಿಗ್ಯಾಗ ಹೊಡೆದು ತುರುಕೀನಿ! ಈಗನಾರ ಸಿಟ್ಟು ಬರ್ತೈತಿಲ್ಲೋ?"

ಗಂಗಾಧರಪ್ಪ ಬಗ್ಗಿ ನೋಡಿದ. ಬಟ್ಟೆ ಅವನದೇ. ಬಟ್ಟೆಯ ತುದಿಯನ್ನು ಕಣ್ಣಿಗೊತ್ತಿಕೊಂಡ.

"ಊರಾಗಿನ ಮಂದಿ ಎಲ್ಲಾ ಇವನ ಹಂತ್ಯಾಕ ಬಟ್ಟಿ ಕೊಡ್ತಾರ," ಎಂದ ನಡುಗುವ ದನಿಯಲ್ಲಿ. "ಅಮ್ಮ ಉಡಾಕ ನನ್ನ ಬಟ್ಟೀನ ಆರಿಸ್ಯಾಳ. ಏಳು ಜನ್ಮದ ಪುಣ್ಯ!"

"ಉಧೋ ಉಧೋ!"

"ಎಂಥಾ ದೊಡ್ಡ ಮನಸ್ಸು ನೋಡ್ರಿ ಹಾಲೇಶಪ್ಪಂದು," ಎಂದು ಯಾರೋ ಅಂದರು. "ಮನಿಗೆ ಬಂದ ಪುಣ್ಯ ತನಗ ಬ್ಯಾಡ ಅಂತ ಇಲ್ಲದ ಪಾಪ ಮೈಮ್ಯಾಲೆ ಹಾಕ್ಕೊಂಡಾನ."

ಹಾಲೇಶಪ್ಪ ಕೂಗಿದ, ಆಣೆ ಇಟ್ಟ, ಕಾಲು ಅಪ್ಪಳಿಸಿದ. ಕೂಗಿದಷ್ಟೂ ಜನ ಕೈಮುಗಿದರು. ಮಧ್ಯಾಹ್ನದ ಹೊತ್ತಿಗೆ ರಾಮಾಂಜಿನಿ ಮೆಟ್ಟಿಲ ಬುಡದಲ್ಲಿ ಮೇಲೋಣಿಯ ಪೈಪು ಕತ್ತರಿಸಿ, ಬಾಯಿಗೆ ಸಿಮೆಂಟು ಬಡಿದು, ಅದಕ್ಕೂ ಒಂದು ಹೂ ಇಟ್ಟು ಹೋದ. ಕಲ್ಲುಗುಪ್ಪೆಯ ಮುಂದೆ ಹಿತ್ತಾಳೆಯ ಕೊಡವೊಂದು ಬಂದು ಕೂತಿತು. ಬರುವ ಭಕ್ತರಿಗೆ ಅದರಲ್ಲಿ ತೀರ್ಥ ಯಾವಾಗಲೂ ತುಂಬಿರಬೇಕು, ತುಂಬಿಡುವ ಸೇವೆ ಮನೆಯ ಯಜಮಾನನದು ಎಂದು ಕೂಟ ತೀರ್ಮಾನಿಸಿತು.

ಆವತ್ತಿನಿಂದ ಹಾಲೇಶಪ್ಪ ಒಂದೇ ಒಂದು ಹಟ ಸಾಧಿಸಿದ. ಮಂಜಮ್ಮನನ್ನು ಮೆಟ್ಟಿಲು ಇಳಿಯಲು ಬಿಡಲಿಲ್ಲ. "ನಿನ್ನ ಮೊಣಕಾಲು ಮಾಯೋ ತನಕ ಕೊಡ ಮುಟ್ಟಿದ್ರ ನೋಡು," ಎಂದು ಗದರಿಸಿ, ತಾನೇ ಹೊತ್ತ. ಮೊದಲು ದಿನಕ್ಕೆ ಮೂರು ಕೊಡ ಸಾಕಾಗುತ್ತಿತ್ತು. ಈಗ ಹಿತ್ತಾಳೆಯದೂ ಸೇರಿ ನಾಲ್ಕು.

ಎಂಟನೆಯ ದಿನ ಅವನು ಹೆಗಲ ಮೇಲೆ ಖಾಲಿ ಕೊಡವಿಟ್ಟುಕೊಂಡು ಗಂಗಾಧರಪ್ಪನ ನಲ್ಲಿಯ ಕಡೆ ಇಳಿಯುತ್ತಿದ್ದ. ಹಿರೇಹಡಗಲಿಯಿಂದ ಟೆಂಪೋ ಮಾಡಿಕೊಂಡು ಬಂದಿದ್ದ ಹೆಂಗಸರ ಗುಂಪೊಂದು ಏದುಸಿರು ಬಿಡುತ್ತಾ ಎದುರು ಹತ್ತಿ ಬಂತು. ಅವರಲ್ಲಿ ಹಿರಿಯಾಕೆ ಅವನನ್ನು ನಿಲ್ಲಿಸಿ ಕೇಳಿದಳು.

"ಅಣ್ಣಾ, ಮ್ಯಾಗ ಗಂಗಮ್ಮನ ತೀರ್ಥ ಸಿಗ್ತೈತೇನ್ರಿ?"

ಹಾಲೇಶಪ್ಪ ಕೊಡವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

"ನೆರಳಾಗ ಕುಂದರ್ರಿ ತಾಯಿ," ಎಂದ. "ಅದನ್ನ ತರಾಕ ಹೊಂಟೀನಿ."